ರನ್ನಿಂಗ್ ಬ್ಯಾಕ್‌ಗೆ ಮೊದಲ ಸುತ್ತಿನ ಪಿಕ್ ಕೊಡಬೇಕಾ?

ಏಪ್ರಿಲ್ ಹತ್ತಿರ ಬಂತು ಅಂದರೆ ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ನೋಡುವವರ ನಡುವೆ ಈ ಜಗಳ ಗ್ಯಾರಂಟಿ. ಆಗ ಡ್ರಾಫ್ಟ್ ನಡೆಯುತ್ತದೆ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ, ಒಂದೊಂದು ಆಯ್ಕೆಯೂ ಒಂದು ಪಿಕ್. ಕಾಲೇಜು ಫುಟ್‌ಬಾಲ್‌ನಲ್ಲಿ ಎದುರು ಬಂದವರನ್ನೆಲ್ಲ ಕೆಡವಿ ಓಡಿದ ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಇರುತ್ತಾನೆ, ಅವನ ಹೈಲೈಟ್ಸ್ ನೋಡಿ ಎಲ್ಲರ ತಲೆ ತಿರುಗಿರುತ್ತದೆ. ಇವನನ್ನು ಬಿಟ್ಟುಕೊಟ್ಟರೆ ಆಮೇಲೆ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ ಅಂತ ಒಂದು ಗುಂಪು. ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ತಗೊಳ್ಳೋರಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಇನ್ನೊಂದು ಗುಂಪು. ನಾನು ಎರಡನೇ ಗುಂಪಿನ ಪಕ್ಕ ನಿಲ್ಲುವವನು, ಆದರೆ ಅವರು ಕೊಡುವ ಕಾರಣ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ರನ್ನಿಂಗ್ ಬ್ಯಾಕ್ ಯಾರಾದರೂ ಆಗಬಹುದು, ಎಲ್ಲರೂ ಒಂದೇ ಅಂತಾರಲ್ಲ, ಅದು ಸುಳ್ಳು. ಬ್ಯಾರಿ ಸ್ಯಾಂಡರ್ಸ್ ಓಡಿದ್ದನ್ನು ನೋಡಿದ ಯಾರೂ ಹಾಗೆ ಹೇಳಲ್ಲ.

ನನ್ನ ತಕರಾರು ಪಿಕ್ ಸಿಗುವ ಸಾಲಿನದು. ಡ್ರಾಫ್ಟ್‌ನಲ್ಲಿ 32 ತಂಡ, ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಯಾರು ಜಾಸ್ತಿ ಸೋತರೋ ಅವರಿಗೆ ಮೊದಲ ಆಯ್ಕೆ, ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದವರು ಸಾಲಿನ ತುದಿಗೆ. ಒಳ್ಳೆ ರನ್ನಿಂಗ್ ಬ್ಯಾಕ್‌ನಿಂದ ನಿಜವಾಗಿ ಲಾಭ ಆಗುವುದು ಮಿಕ್ಕಿದ್ದೆಲ್ಲ ಸರಿಯಿರುವ ತಂಡಕ್ಕೆ. ಮುಂದೆ ಎದುರಾಳಿಯನ್ನು ತಡೆದು ದಾರಿ ಮಾಡಿಕೊಡುವ ಗಟ್ಟಿ ಆಫೆನ್ಸಿವ್ ಲೈನ್ ಇರಬೇಕು, ಎದುರಾಳಿ ಹೆದರುವಂಥ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಇರಬೇಕು, ಲೀಡ್ ಸಿಕ್ಕರೆ ಕಾಪಾಡುವ ಡಿಫೆನ್ಸ್ ಇರಬೇಕು. ಅದೆಲ್ಲ ಇರುವ ತಂಡ ಎರಡನೇ, ಮೂರನೇ ಪಿಕ್ ಹತ್ತಿರ ಸುಳಿಯುವುದೇ ಇಲ್ಲ. ಆ ಪಿಕ್ ಸಿಗುವುದು ಇದ್ಯಾವುದೂ ಇಲ್ಲದವರಿಗೆ. ಅವರು ರನ್ನಿಂಗ್ ಬ್ಯಾಕ್ ತಗೊಂಡರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ, ಅಷ್ಟೇ.

ಸೇಕ್ವಾನ್ ಬಾರ್ಕ್ಲಿ ಕಥೆ ನೋಡಿ. 2017ರಲ್ಲಿ ನ್ಯೂಯಾರ್ಕ್ ಜಯಂಟ್ಸ್ 3 ಗೆದ್ದು 13 ಸೋತಿತ್ತು. ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್‌ಗೆ ವಯಸ್ಸು 37, ಲೈನ್ ಸೋರುತ್ತಿತ್ತು. 2018ರ ಡ್ರಾಫ್ಟ್‌ನಲ್ಲಿ ಎರಡನೇ ಪಿಕ್ ಕೈಗೆ ಬಂತು, ಬಾರ್ಕ್ಲಿಯನ್ನು ತಗೊಂಡರು. ಅವನ ಮೊದಲ ಸೀಸನ್‌ನಲ್ಲಿ ತಪ್ಪು ಹುಡುಕಲು ಸಾಧ್ಯವೇ ಇಲ್ಲ. ಓಟ, ಕ್ಯಾಚ್ ಎರಡೂ ಸೇರಿ 2,028 ಯಾರ್ಡ್, ವರ್ಷದ ಅತ್ಯುತ್ತಮ ಆಫೆನ್ಸಿವ್ ರೂಕಿ (ಹೊಸ ಆಟಗಾರ) ಪ್ರಶಸ್ತಿ. ಜಯಂಟ್ಸ್ ಆ ವರ್ಷ 5 ಗೆದ್ದು 11 ಸೋತಿತು. ಅಂದರೆ ಒಬ್ಬ ಹುಡುಗ ತನ್ನ ಕೈಲಿ ಆಗುವುದನ್ನೆಲ್ಲ ಮಾಡಿದರೂ ತಂಡ ಎರಡು ಮ್ಯಾಚ್ ಮುಂದೆ ಹೋಯಿತು. ಅದೇ ಡ್ರಾಫ್ಟ್‌ನಲ್ಲಿ ಆರನೇ ಪಿಕ್‌ಗೆ ಲೈನ್‌ನಲ್ಲಿ ಆಡುವ ಗಾರ್ಡ್ ಕ್ವೆಂಟನ್ ನೆಲ್ಸನ್ ಹೋದ, ಏಳನೇ ಪಿಕ್‌ಗೆ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಹೋದ, 32ನೇ ಪಿಕ್‌ಗೆ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್. ಆಲನ್, ಜಾಕ್ಸನ್ ಇಬ್ಬರೂ ಮುಂದೆ ಲೀಗ್‌ನ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದರು.

ಬಾರ್ಕ್ಲಿ ಜಯಂಟ್ಸ್‌ನಲ್ಲಿ ಆರು ಸೀಸನ್ ಇದ್ದ. 2020ರಲ್ಲಿ ಎರಡನೇ ಮ್ಯಾಚ್‌ನಲ್ಲೇ ಮಂಡಿಯ ಲಿಗಮೆಂಟ್ ಹರಿಯಿತು, ಆ ವರ್ಷ ಮುಗಿಯಿತು. ಆರು ಸೀಸನ್‌ನಲ್ಲಿ ತಂಡ ಪ್ಲೇಆಫ್‌ಗೆ ಹೋಗಿದ್ದು 2022ರಲ್ಲಿ ಒಂದೇ ಸಲ. 2023ರಲ್ಲಿ ಅವನ ಸರಾಸರಿ ಒಂದು ಓಟಕ್ಕೆ 3.9 ಯಾರ್ಡ್‌ಗೆ ಇಳಿದಿತ್ತು. ಮುಗೀತು ಇವನ ಕಥೆ ಅಂತ ಸುಮಾರು ಜನ ಬರೆದರು.

ಆಮೇಲೆ ಅವನು ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋದ. 2024ರ ಮಾರ್ಚ್, ಮೂರು ವರ್ಷಕ್ಕೆ 3.775 ಕೋಟಿ ಡಾಲರ್. ಅದೇ ಕಾಲು, ಅದೇ ಮನುಷ್ಯ, ವಯಸ್ಸು ಒಂದು ಜಾಸ್ತಿ. ಆ ಸೀಸನ್ 2,005 ಯಾರ್ಡ್ ಓಡಿದ, ಸರಾಸರಿ 5.8. ಕೊನೆ ಮ್ಯಾಚ್‌ನಲ್ಲಿ ಅವನನ್ನು ಆಡಿಸದೆ ಕೂರಿಸಿದರು, ಇಲ್ಲದಿದ್ದರೆ ಎರಿಕ್ ಡಿಕರ್ಸನ್‌ನ 1984ರ 2,105 ಯಾರ್ಡ್ ದಾಖಲೆಗೆ ಕೈ ಹಾಕಿರುತ್ತಿದ್ದ. 2025ರ ಫೆಬ್ರವರಿ 9, ಅವನ 28ನೇ ಹುಟ್ಟುಹಬ್ಬದ ದಿನ, ಈಗಲ್ಸ್ ಸೂಪರ್ ಬೌಲ್‌ನಲ್ಲಿ ಚೀಫ್ಸ್‌ಗೆ 40-22 ಬಾರಿಸಿತು. ಬಾರ್ಕ್ಲಿ ಇಲ್ಲದ ಜಯಂಟ್ಸ್ ಆ ವರ್ಷ 3-14, ಅಂದರೆ 3 ಗೆದ್ದು 14 ಸೋತಿತು. ಜಯಂಟ್ಸ್ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಕು ಯೋಚಿಸಿ.

ಎರಡೂ ತಂಡದಲ್ಲಿ ಅವನು ಓಡಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಜಯಂಟ್ಸ್‌ನಲ್ಲಿ ಎಷ್ಟೋ ಸಲ ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿ ಒಬ್ಬ ಆಗಲೇ ಒಳಗೆ ನುಗ್ಗಿ ನಿಂತಿರುತ್ತಿದ್ದ. ಅವನನ್ನು ತಪ್ಪಿಸಲು ಬಾರ್ಕ್ಲಿ ಪಕ್ಕಕ್ಕೆ ಜಿಗಿಯಬೇಕು, ಮತ್ತೆ ನಿಂತಲ್ಲಿಂದ ವೇಗ ಹಿಡಿಯಬೇಕು, ಅಷ್ಟರಲ್ಲಿ ಇನ್ನಿಬ್ಬರು ಬಂದಿರುತ್ತಾರೆ. ಇಷ್ಟೆಲ್ಲ ಸರ್ಕಸ್ ಮಾಡಿ ಸಿಗುವುದು ಎರಡು ಯಾರ್ಡ್. ಈಗಲ್ಸ್‌ನಲ್ಲಿ ಲೈನ್‌ನ ಎಡಕ್ಕೆ ಜೋರ್ಡನ್ ಮೈಲಾಟಾ, ಬಲಕ್ಕೆ ಲೇನ್ ಜಾನ್ಸನ್. ಎದುರಾಳಿಯ ಎದೆಗೆ ಕೈ ಕೊಟ್ಟು ಪಕ್ಕಕ್ಕೆ ತಳ್ಳಿಕೊಂಡು ಹೋದರೆ ನಡುವೆ ದಾರಿ ಬಿಟ್ಟಿರುತ್ತದೆ. ಅದರ ಮೇಲೆ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಸ್ವತಃ ಓಡಬಲ್ಲವನು. ಹಾಗಾಗಿ ತುದಿಯಲ್ಲಿ ನಿಂತ ಡಿಫೆಂಡರ್‌ಗೆ ಚೆಂಡು ಬಾರ್ಕ್ಲಿ ಹತ್ತಿರ ಹೋಯಿತಾ, ಹರ್ಟ್ಸ್ ಹತ್ತಿರವೇ ಉಳಿಯಿತಾ ಅಂತ ಅರ್ಧ ಸೆಕೆಂಡ್ ಗೊಂದಲ. ದೂರದಲ್ಲಿ ಪಾಸ್ ಹಿಡಿಯುವ ಎ.ಜೆ. ಬ್ರೌನ್ ಇದ್ದ, ಅವನನ್ನು ಕಾಯಲು ಸೇಫ್ಟಿ (ಕೊನೆಯ ಸಾಲಿನ ಡಿಫೆಂಡರ್) ಹಿಂದೆ ನಿಲ್ಲಬೇಕಿತ್ತು. ಹೀಗೆ ಲೈನ್ ಹತ್ತಿರ ಎದುರಾಳಿಗಳ ಸಂಖ್ಯೆಯೇ ಕಮ್ಮಿ. ಬಾರ್ಕ್ಲಿ ಮೊದಲನೇ ಸಲ ಒಬ್ಬನನ್ನು ಎದುರಿಸುವ ಹೊತ್ತಿಗೆ ಪೂರ್ತಿ ವೇಗದಲ್ಲಿ ಇರುತ್ತಾನೆ, ಆಮೇಲೆ ಅವನ ಪ್ರತಿಭೆ ಕೆಲಸಕ್ಕೆ ಬರುತ್ತದೆ.

ಹಾಗಂತ ಎಲ್ಲ ಲೈನ್‌ನ ಪುಣ್ಯ ಅಂತಾನೂ ಅಲ್ಲ. 2024ರ ನವೆಂಬರ್‌ನಲ್ಲಿ ಜಾಗ್ವಾರ್ಸ್ ಮೇಲೆ ಅವನು ಮಾಡಿದ್ದು ನೆನಪಿದೆಯಾ? ಚಿಕ್ಕ ಪಾಸ್ ಹಿಡಿದ, ಒಬ್ಬನನ್ನು ತಪ್ಪಿಸಿದ, ಸುತ್ತಿದ, ಬೆನ್ನು ಮುಂದೆ ಮಾಡಿಕೊಂಡೇ ಇನ್ನೊಬ್ಬ ಡಿಫೆಂಡರ್ ತಲೆ ಮೇಲಿಂದ ಹಿಮ್ಮುಖವಾಗಿ ಹಾರಿದ! ಅದನ್ನು ಯಾವ ಕೋಚೂ ಕಲಿಸಲ್ಲ. ನಾನು ಎಷ್ಟು ಸಲ ರಿವೈಂಡ್ ಮಾಡಿ ನೋಡಿದ್ದೇನೋ ಲೆಕ್ಕ ಇಲ್ಲ. ಆದರೆ ಅಂಥ ಆಟಗಾರನನ್ನು ಈಗಲ್ಸ್ ಡ್ರಾಫ್ಟ್ ಪಿಕ್ ಕೊಟ್ಟು ತಂದಿದ್ದಲ್ಲ, ದುಡ್ಡು ಕೊಟ್ಟು ತಂದಿದ್ದು. ಆ ತಂಡ ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ತಗೊಂಡು ಅದೆಷ್ಟು ಕಾಲ ಆಯಿತು ಗೊತ್ತಾ, 1986ರಲ್ಲಿ ಕೀತ್ ಬೈಯರ್ಸ್‌ನೇ ಕೊನೆ. ಲೇನ್ ಜಾನ್ಸನ್‌ನನ್ನು ಮಾತ್ರ 2013ರಲ್ಲಿ ನಾಲ್ಕನೇ ಪಿಕ್ ಕೊಟ್ಟು ತಗೊಂಡಿದ್ದರು.

ಲೈನ್ ಎಷ್ಟು ಮುಖ್ಯ ಅನ್ನೋದಕ್ಕೆ ಡಲ್ಲಾಸ್ ಕೌಬಾಯ್ಸ್ ಇನ್ನೊಂದು ಸಾಕ್ಷಿ. ಟೈರನ್ ಸ್ಮಿತ್, ಟ್ರಾವಿಸ್ ಫ್ರೆಡ್ರಿಕ್, ಝ್ಯಾಕ್ ಮಾರ್ಟಿನ್, ಮೂವರೂ ಮೊದಲ ಸುತ್ತಿನ ಪಿಕ್‌ಗಳು. ಇವರ ಹಿಂದೆ 2014ರಲ್ಲಿ ಡಿಮಾರ್ಕೊ ಮರ್ರೆ 1,845 ಯಾರ್ಡ್ ಓಡಿ ಇಡೀ ಲೀಗ್‌ಗೆ ಮೊದಲಿಗನಾದ. ಮೂರನೇ ಸುತ್ತಿನ ಪಿಕ್ ಅವನು. ಮರುವರ್ಷ ಈಗಲ್ಸ್‌ಗೆ ಹೋದ, 702 ಯಾರ್ಡ್. ಅವನ ಜಾಗಕ್ಕೆ ಡಲ್ಲಾಸ್‌ನಲ್ಲಿ ಬಂದ ಡ್ಯಾರೆನ್ ಮೆಕ್‌ಫ್ಯಾಡನ್, ಓಕ್ಲೆಂಡ್‌ನಲ್ಲಿ ಗಾಯ ಮಾಡಿಕೊಂಡು ಸುಸ್ತಾಗಿದ್ದವನು, 1,089 ಯಾರ್ಡ್ ಓಡಿಬಿಟ್ಟ. ಆ ವರ್ಷ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೋ ಭುಜದ ಮೂಳೆ ಮುರಿದುಕೊಂಡಿದ್ದರಿಂದ ತಂಡ 4-12 ಆಗಿ ನಾಲ್ಕನೇ ಪಿಕ್ ಸಿಕ್ಕಿತು. ಅದರಲ್ಲಿ ಎಝೀಕಿಯಲ್ ಎಲಿಯಟ್ ಬಂದ. ಮೊದಲ ವರ್ಷವೇ 1,631 ಯಾರ್ಡ್, ತಂಡ 13-3. ಇದನ್ನು ತೋರಿಸಿ "ನೋಡಿ, ವರ್ಕ್ ಆಯ್ತಲ್ಲ" ಅನ್ನುವವರಿದ್ದಾರೆ. ಆಯಿತು, ನಿಜ. ಆದರೆ ಆ ತಂಡ ಕೆಟ್ಟ ತಂಡ ಆಗಿರಲಿಲ್ಲ, ಗಾಯದಿಂದ ಒಂದು ವರ್ಷ ಬಿದ್ದ ಒಳ್ಳೆ ತಂಡ. ಅದೇ ಡ್ರಾಫ್ಟ್‌ನ 135ನೇ ಪಿಕ್‌ನಲ್ಲಿ ಡ್ಯಾಕ್ ಪ್ರೆಸ್ಕಾಟ್ ಸಿಕ್ಕಿದ್ದು ಬಂಪರ್ ಲಾಟರಿ. ಇನ್ನೊಂದು, ಅದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ 45ನೇ ಪಿಕ್‌ಗೆ ಹೋದವನು ಡೆರಿಕ್ ಹೆನ್ರಿ. 2020ರಲ್ಲಿ 2,027 ಯಾರ್ಡ್ ಓಡಿದನಲ್ಲ, ಅವನೇ.

ಈಗ ದುಡ್ಡಿನ ಲೆಕ್ಕ. ಇದು ಸ್ವಲ್ಪ ಬೋರ್ ಅನಿಸಬಹುದು, ಆದರೆ ಅಸಲಿ ವಿಷಯ ಇಲ್ಲೇ ಇರೋದು. ಲೀಗ್‌ಗೂ ಆಟಗಾರರ ಸಂಘಕ್ಕೂ 2011ರ ಒಪ್ಪಂದ ಆದ ಮೇಲೆ ಹೊಸಬರ ಸಂಬಳ ಎಷ್ಟನೇ ಪಿಕ್ ಅನ್ನೋದರ ಮೇಲೆ ನಿಗದಿ. ಯಾವ ಜಾಗದಲ್ಲಿ ಆಡುತ್ತಾನೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡನೇ ಪಿಕ್ ಆಗಿ ಬಾರ್ಕ್ಲಿಗೆ ನಾಲ್ಕು ವರ್ಷಕ್ಕೆ ಸುಮಾರು 3.1 ಕೋಟಿ ಡಾಲರ್ ಬಂತು, ವರ್ಷಕ್ಕೆ 78 ಲಕ್ಷದ ಹತ್ತಿರ. ಅಲ್ಲಿ ಕ್ವಾರ್ಟರ್‌ಬ್ಯಾಕ್ ತಗೊಂಡಿದ್ದರೂ ಅಷ್ಟೇ ಕೊಡಬೇಕಿತ್ತು. ಅದೇ 2018ರಲ್ಲಿ ಮಾರ್ಕೆಟ್‌ನಲ್ಲಿ ಕರ್ಕ್ ಕಸಿನ್ಸ್‌ಗೆ ಮಿನ್ನೆಸೋಟಾ ವೈಕಿಂಗ್ಸ್ ವರ್ಷಕ್ಕೆ 2.8 ಕೋಟಿ ಕೊಟ್ಟಿತ್ತು. ರನ್ನಿಂಗ್ ಬ್ಯಾಕ್‌ಗಳಲ್ಲಿ ಆಗ ಎಲ್ಲರಿಗಿಂತ ದೊಡ್ಡ ಹೊಸ ಒಪ್ಪಂದ ಟಾಡ್ ಗರ್ಲಿಯದು, ನಾಲ್ಕು ವರ್ಷಕ್ಕೆ 5.75 ಕೋಟಿ, ವರ್ಷಕ್ಕೆ 1.44 ಕೋಟಿ ಅಂದುಕೊಳ್ಳಿ. ಅಂದರೆ ಡ್ರಾಫ್ಟ್‌ನಲ್ಲಿ ಒಳ್ಳೆ ಕ್ವಾರ್ಟರ್‌ಬ್ಯಾಕ್ ಸಿಕ್ಕರೆ ವರ್ಷಕ್ಕೆ ಎರಡು ಕೋಟಿ ಉಳಿತಾಯ, ಲೀಗ್‌ನಲ್ಲೇ ಬೆಸ್ಟ್ ರನ್ನಿಂಗ್ ಬ್ಯಾಕ್ ಸಿಕ್ಕರೂ ಅದರ ಮೂರನೇ ಒಂದು ಭಾಗ. ಸಂಬಳಕ್ಕೆ ಮಿತಿ ಇರುವ ಲೀಗ್‌ನಲ್ಲಿ ಆ ಉಳಿದ ದುಡ್ಡಲ್ಲೇ ಲೈನ್ ಕಟ್ಟಬೇಕು, ಡಿಫೆನ್ಸ್ ಕಟ್ಟಬೇಕು.

ಗರ್ಲಿ ಕಥೆ ಅಂತೂ ಬೇಜಾರು. 2018ರ ಬೇಸಿಗೆಯಲ್ಲಿ ಆ ಒಪ್ಪಂದಕ್ಕೆ ಸಹಿ, ಆ ಸೀಸನ್ ಕೊನೆಗೇ ಮಂಡಿ ಕೈ ಕೊಟ್ಟಿತು, ಸೂಪರ್ ಬೌಲ್‌ನಲ್ಲಿ ಬರೀ 35 ಯಾರ್ಡ್, 2020ರ ಮಾರ್ಚ್‌ನಲ್ಲಿ ಅವನ ತಂಡದವರಾದ ರ‍್ಯಾಮ್ಸ್ ಕೈ ಬಿಟ್ಟರು.

ಇನ್ನು ಕೊನೆಯ ಸುತ್ತುಗಳಲ್ಲಿ ಸಿಕ್ಕವರ ವಿಷಯ. ಸಿಯಾಟಲ್ ಸೀಹಾಕ್ಸ್ 2018ರಲ್ಲಿ 27ನೇ ಪಿಕ್ ಕೊಟ್ಟು ರಶಾಡ್ ಪೆನ್ನಿಯನ್ನು ತಂದಿತು. ಅವನ ಮುಂದೆ ಆಡಿದ್ದು ಯಾರು? ಹಿಂದಿನ ವರ್ಷ 249ನೇ ಪಿಕ್‌ನಲ್ಲಿ ಅದೇ ತಂಡ ತಗೊಂಡಿದ್ದ ಕ್ರಿಸ್ ಕಾರ್ಸನ್. ಪೆನ್ನಿ ಆದ ಮೇಲೆ ಎಂಟು ಪಿಕ್ ಕಳೆದು ನಿಕ್ ಚಬ್ ಹೋದ, ಅದು ಇನ್ನೊಂದು ನೋವು. ಕ್ಯಾನ್ಸಸ್ ಸಿಟಿ ಚೀಫ್ಸ್ ಕೂಡ ಇದೇ ಹಳ್ಳಕ್ಕೆ ಬಿತ್ತು. 2020ರಲ್ಲಿ ಮೊದಲ ಸುತ್ತಿನ ಕೊನೆ ಪಿಕ್‌ಗೆ ಕ್ಲೈಡ್ ಎಡ್ವರ್ಡ್ಸ್-ಹೆಲೇರ್. 41ನೇ ಪಿಕ್‌ಗೆ ಹೋದ ಜೊನಾಥನ್ ಟೇಲರ್ ಮರುವರ್ಷ 1,811 ಯಾರ್ಡ್ ಓಡಿ ಲೀಗ್‌ಗೇ ಮೊದಲಿಗ. ಚೀಫ್ಸ್‌ಗೆ ನಿಜವಾಗಿ ಕೆಲಸಕ್ಕೆ ಬಂದವನು 2022ರಲ್ಲಿ 251ನೇ ಪಿಕ್ ಆಗಿ ಬಂದ ಐಸಾಯ ಪಚೆಕೊ. ಅವನ ಜೊತೆ ಸತತ ಎರಡು ಸೂಪರ್ ಬೌಲ್ ಗೆದ್ದರು. ಹಳೆಯದು ಬೇಕಾದರೆ ಟೆರೆಲ್ ಡೇವಿಸ್ ಇದ್ದಾನೆ, ಆರನೇ ಸುತ್ತು, 1998ರಲ್ಲಿ 2,008 ಯಾರ್ಡ್. ಏರಿಯನ್ ಫಾಸ್ಟರ್‌ನನ್ನು ಯಾರೂ ಡ್ರಾಫ್ಟ್ ಮಾಡಲೇ ಇಲ್ಲ, 2010ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಓಡಿದ್ದು ಅವನೇ.

ಕೊನೆ ಸುತ್ತಿನಲ್ಲಿ ತಗೊಂಡವರೆಲ್ಲ ಹೀಗೆ ಮಿಂಚಿಬಿಡುತ್ತಾರೆ ಅಂತ ಅಲ್ಲ, ಹೆಚ್ಚಿನವರು ಹೆಸರಿಲ್ಲದೆ ಹೋಗುತ್ತಾರೆ. ಆದರೆ ಏಳನೇ ಸುತ್ತಿನಲ್ಲಿ ಲೆಫ್ಟ್ ಟ್ಯಾಕಲ್ (ಲೈನ್‌ನ ಎಡ ತುದಿಯವನು) ಹುಡುಕಿ ನೋಡಿ, ಮೈಲಾಟಾ ಥರದವನು ಒಬ್ಬ ಸಿಕ್ಕರೆ ನಿಮ್ಮ ಅದೃಷ್ಟ. ರನ್ನಿಂಗ್ ಬ್ಯಾಕ್ ಅಷ್ಟು ದುರ್ಲಭ ಅಲ್ಲ. ಅದೂ ಅಲ್ಲದೆ ಈಗ ಒಬ್ಬನೇ ಎಲ್ಲ ಓಟ ಓಡುವ ಕಾಲ ಹೋಯಿತು, ಇಬ್ಬರು ಹಂಚಿಕೊಳ್ಳುತ್ತಾರೆ. ಒಂದು ವಿಷಯ ಹೇಳಿಬಿಡಬೇಕು, ಫ್ಯಾಂಟಸಿ ಲೀಗ್ ಆಡುವವರ ಜೊತೆ ಈ ಚರ್ಚೆ ಮಾಡಿ ಪ್ರಯೋಜನ ಇಲ್ಲ. ಅವರಿಗೆ ಬೇಕಿರುವುದು ಪಾಯಿಂಟ್, ತಂಡ ಗೆದ್ದರೆಷ್ಟು ಬಿಟ್ಟರೆಷ್ಟು.

ಹುಚ್ಚಾಟಕ್ಕೆ ಬಹುಮಾನ ಕೊಡುವುದಾದರೆ ಮೈಕ್ ಡಿಟ್ಕಾ ಅವರಿಗೇ ಕೊಡಬೇಕು. 1999ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಕೋಚ್ ಆಗಿದ್ದಾಗ ರಿಕಿ ವಿಲಿಯಮ್ಸ್ ಒಬ್ಬನಿಗಾಗಿ ಆ ವರ್ಷದ ತಮ್ಮ ಎಲ್ಲ ಪಿಕ್‌ಗಳನ್ನೂ ಕೊಟ್ಟುಬಿಟ್ಟರು. ಎಲ್ಲ ಅಂದರೆ ಎಲ್ಲ. ಅದು ಸಾಲದು ಅಂತ ಮುಂದಿನ ವರ್ಷದ ಮೊದಲ ಮತ್ತು ಮೂರನೇ ಸುತ್ತಿನದ್ದೂ ಸೇರಿಸಿ. ತಂಡ 3-13, ಡಿಟ್ಕಾ ಕೆಲಸ ಹೋಯಿತು. ವಿಲಿಯಮ್ಸ್ ಕೆಟ್ಟ ಆಟಗಾರ ಆಗಿರಲಿಲ್ಲ, 2002ರಲ್ಲಿ ಮಯಾಮಿ ಡಾಲ್ಫಿನ್ಸ್‌ಗೆ ಆಡುತ್ತಾ ಲೀಗ್‌ನಲ್ಲೇ ಹೆಚ್ಚು ಯಾರ್ಡ್ ಓಡಿದ. ಬೇರೆಯವರ ಮನೆಯಲ್ಲಿ!

ಈಗ ಎದುರು ಪಕ್ಷದ ಒಳ್ಳೆ ವಾದ ಒಂದಿದೆ, ಅದನ್ನು ಬಿಟ್ಟರೆ ಮೋಸ ಆಗುತ್ತದೆ. ರನ್ನಿಂಗ್ ಬ್ಯಾಕ್ ಮೊದಲ ದಿನದಿಂದಲೇ ಆಡುತ್ತಾನೆ. ಕ್ವಾರ್ಟರ್‌ಬ್ಯಾಕ್‌ಗೆ ಎರಡು ಮೂರು ವರ್ಷ ಕಾಯಬೇಕು, ಕಾದ ಮೇಲೂ ಗ್ಯಾರಂಟಿ ಇಲ್ಲ. ರನ್ನಿಂಗ್ ಬ್ಯಾಕ್‌ನ ಒಳ್ಳೆ ವಯಸ್ಸು 22ರಿಂದ 27, ಸರಿಯಾಗಿ ಅಷ್ಟೇ ವರ್ಷ ಮೊದಲ ಒಪ್ಪಂದ ನಡೆಯುತ್ತದೆ. ನಾಲ್ಕು ವರ್ಷ, ಮೊದಲ ಸುತ್ತಿನವರಿಗೆ ತಂಡ ಬಯಸಿದರೆ ಐದನೇ ವರ್ಷ, ಅದರ ಮೇಲೆ ಫ್ರಾಂಚೈಸ್ ಟ್ಯಾಗ್ (ನಿಗದಿತ ಸಂಬಳಕ್ಕೆ ಇನ್ನೊಂದು ವರ್ಷ ಉಳಿಸಿಕೊಳ್ಳುವ ತಂಡದ ಹಕ್ಕು) ಹಾಕಿದರೆ ಆರು. ಚೆನ್ನಾಗಿರುವಷ್ಟು ದಿನ ಕಮ್ಮಿ ಸಂಬಳಕ್ಕೆ ಆಡಿಸಿ ಆಮೇಲೆ ಕೈ ಮುಗಿದು ಕಳಿಸಬಹುದು. ಆಟಗಾರನ ಕಡೆಯಿಂದ ನೋಡಿದರೆ ಇದು ಅನ್ಯಾಯ. 2023ರಲ್ಲಿ ಬಾರ್ಕ್ಲಿ, ಜಾಶ್ ಜೇಕಬ್ಸ್, ಟೋನಿ ಪೊಲಾರ್ಡ್ ಮೂವರಿಗೂ ಟ್ಯಾಗ್ ಬಿದ್ದಾಗ ರನ್ನಿಂಗ್ ಬ್ಯಾಕ್‌ಗಳೆಲ್ಲ ಸೇರಿ ಝೂಮ್‌ನಲ್ಲಿ ಮೀಟಿಂಗ್ ಮಾಡಿ ಗೋಳು ಹೇಳಿಕೊಂಡಿದ್ದು ಸುಮ್ನೆ ಅಲ್ಲ. ಆದರೆ ತಂಡದ ಕಡೆಯಿಂದ ಲೆಕ್ಕ ಸರಿ ಇದೆ. ಆ ಆರು ವರ್ಷದಲ್ಲಿ ತಂಡ ಗೆಲ್ಲುವ ಸ್ಥಿತಿಯಲ್ಲಿ ಇದ್ದರೆ ಮಾತ್ರ. ಹಾಳಾದ ತಂಡ ಕಟ್ಟಿ ನಿಲ್ಲಿಸಲು ಮೂರು ನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಇವನ ಮಂಡಿ ಸವೆದಿರುತ್ತದೆ.

ಹಾಗಾಗಿ ನನಗೆ ಡೆಟ್ರಾಯಿಟ್ ಲಯನ್ಸ್ ಮಾಡಿದ್ದು ಇಷ್ಟ. 2023ರ ಡ್ರಾಫ್ಟ್‌ನಲ್ಲಿ ಅವರ ಕೈಲಿದ್ದ ಆರನೇ ಪಿಕ್ ಅವರದ್ದಲ್ಲ, ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್‌ನನ್ನು ಕೊಟ್ಟಾಗ ರ‍್ಯಾಮ್ಸ್‌ನಿಂದ ಬಂದಿದ್ದು. ಅದನ್ನು ಆರಿಝೋನಾ ಕಾರ್ಡಿನಲ್ಸ್‌ಗೆ ಕೊಟ್ಟು 12ಕ್ಕೆ ಇಳಿದರು, ಜೊತೆಗೆ 34ನೇ ಪಿಕ್ ಗಿಟ್ಟಿಸಿದರು. 12ಕ್ಕೆ ಜಮೀರ್ ಗಿಬ್ಸ್, 34ಕ್ಕೆ ಟೈಟ್ ಎಂಡ್ ಸ್ಯಾಮ್ ಲಪೋರ್ಟಾ. ಅಷ್ಟು ಬೇಗ ಗಿಬ್ಸ್ ಯಾಕೆ ಅಂತ ಆವತ್ತು ರಾತ್ರಿ ಎಲ್ಲರೂ ನಕ್ಕರು. ಆದರೆ ಲೈನ್‌ನಲ್ಲಿ ಆಗಲೇ ಪೆನೈ ಸೂಯೆಲ್, ಫ್ರ್ಯಾಂಕ್ ರ‍್ಯಾಗ್ನೋ, ಟೇಲರ್ ಡೆಕರ್ ಕೂತಿದ್ದರು. 2024ರಲ್ಲಿ ಗಿಬ್ಸ್ 20 ಟಚ್‌ಡೌನ್, ಲಯನ್ಸ್ 15-2. ಮಿಕ್ಕಿದ್ದು ಸರಿ ಇತ್ತು, ಮೇಲೆ ಇವನು ಬಂದ.

ಅದೇ ಸಂಜೆ ಅಟ್ಲಾಂಟಾ ಫಾಲ್ಕನ್ಸ್ ಎಂಟನೇ ಪಿಕ್‌ಗೆ ಬಿಜಾನ್ ರಾಬಿನ್ಸನ್‌ನನ್ನು ತಗೊಂಡಿತ್ತು. ಪ್ರತಿಭೆ ಅಂದರೆ ಪ್ರತಿಭೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ವರ್ಷವಷ್ಟೇ ಅವರ ಐದನೇ ಸುತ್ತಿನ ಹುಡುಗ ಟೈಲರ್ ಆಲ್ಜಿಯರ್ 1,035 ಯಾರ್ಡ್ ಓಡಿದ್ದ. ಇದ್ದ ಕೊರತೆ ಕ್ವಾರ್ಟರ್‌ಬ್ಯಾಕ್‌ದು, ಪಾಸ್ ರಶ್‌ದು (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರದು). ಒಂಬತ್ತನೇ ಪಿಕ್‌ಗೆ ಜೇಲನ್ ಕಾರ್ಟರ್ ಹೋದ, ಮತ್ತೆ ಯಾರಿಗೆ ಅಂತೀರಾ, ಈಗಲ್ಸ್‌ಗೆ! ಫಾಲ್ಕನ್ಸ್ 2023ರಲ್ಲಿ 7-10, 2024ರಲ್ಲಿ 8-9. ಬಿಜಾನ್ 2024ರಲ್ಲಿ 1,456 ಯಾರ್ಡ್ ಓಡಿದ, ಪ್ಲೇಆಫ್ ಟಿವಿಯಲ್ಲಿ ನೋಡಿದ.

2024ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕೂ ಹೋಗಲಿಲ್ಲ, ಮೊದಲನೆಯವನ ಹೆಸರು ಬಂದಿದ್ದೇ 46ಕ್ಕೆ. ಸರಿ, ಎಲ್ಲರಿಗೂ ಬುದ್ಧಿ ಬಂತು ಅಂದುಕೊಳ್ಳುವಷ್ಟರಲ್ಲಿ ಬಾರ್ಕ್ಲಿ ಎರಡು ಸಾವಿರ ಓಡಿದ, ಮತ್ತೆ ಫ್ಯಾಷನ್ ಬದಲಾಯಿತು. 2025ರಲ್ಲಿ ಲಾಸ್ ವೇಗಸ್ ರೈಡರ್ಸ್ ಆರನೇ ಪಿಕ್‌ಗೆ ಆಶ್ಟನ್ ಜೆಂಟಿ. ಬಾಯ್ಸಿ ಸ್ಟೇಟ್‌ನಲ್ಲಿ ಒಂದೇ ಸೀಸನ್‌ಗೆ 2,601 ಯಾರ್ಡ್ ಓಡಿ ಬ್ಯಾರಿ ಸ್ಯಾಂಡರ್ಸ್‌ನ 1988ರ ಕಾಲೇಜು ದಾಖಲೆಗೆ 27 ಯಾರ್ಡ್ ಹತ್ತಿರ ಬಂದವನು. ರೈಡರ್ಸ್ ಹಿಂದಿನ ವರ್ಷ 4-13, ಓಟದಲ್ಲಿ ಲೀಗ್‌ಗೇ ಕೊನೆ. ಓಟ ಬರುತ್ತಿಲ್ಲ, ಓಡುವವನನ್ನು ತನ್ನಿ ಅನ್ನುವ ಲೆಕ್ಕ. ಲೈನ್ ಹಾಗೇ ಉಳಿಯಿತು, 2025ರಲ್ಲಿ 3-14. ಲಾಸ್ ಏಂಜಲಿಸ್ ಚಾರ್ಜರ್ಸ್ 22ನೇ ಪಿಕ್‌ಗೆ ಒಮೇರಿಯನ್ ಹ್ಯಾಂಪ್ಟನ್‌ನನ್ನು ತಗೊಂಡಾಗ ನಾನು ಒಂದು ಮಾತೂ ಆಡಲಿಲ್ಲ. 11 ಗೆದ್ದ ತಂಡ, ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಹರ್ಬರ್ಟ್ ಇದ್ದಾನೆ, ಎರಡೂ ತುದಿಗೆ ಮೊದಲ ಸುತ್ತಿನ ಟ್ಯಾಕಲ್‌ಗಳು, ರಶಾನ್ ಸ್ಲೇಟರ್ ಮತ್ತು ಜೋ ಆಲ್ಟ್. ನನ್ನ ಲೆಕ್ಕಕ್ಕೆ ಸರಿಯಾಗಿ ಹೊಂದುವ ಪಿಕ್. ಆಗಸ್ಟ್ ಕ್ಯಾಂಪ್‌ನಲ್ಲೇ ಸ್ಲೇಟರ್ ಮಂಡಿ ಹೋಯಿತು, ಅಕ್ಟೋಬರ್‌ನಲ್ಲಿ ಹ್ಯಾಂಪ್ಟನ್‌ನ ಪಾದದ ಗಂಟು, ಆಮೇಲೆ ಆಲ್ಟ್‌ನದ್ದೂ. ಈಗಲೂ ಆ ಪಿಕ್ ಸರಿ ಅಂತಲೇ ಹೇಳುತ್ತೇನೆ, ಆದರೆ ಆ ಸೀಸನ್ ತೋರಿಸಿ ಯಾರ ಹತ್ತಿರವೂ ವಾದ ಗೆಲ್ಲೋಕೆ ಆಗಲ್ಲ.